ಗ್ರಿಫಿಂಡರ್‌ನ ಟೋಪಿ, ಕುಂಬಾರನ ಕಪ್ಪೆ

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಹ್ಯಾರಿ ಪಾಟರ್ ಹುಚ್ಚು. ನಮ್ಮ ಕರ್ನಾಟಕದ ಕಾಡಿನ ಒಂದು ಜೇಡಕ್ಕೆ ಆ ಕಥೆಯ ಹೆಸರಿಟ್ಟಿದ್ದಾರೆ ಅಂತ ವಾದ ಮಾಡುತ್ತಾಳೆ. ನಿಜವಾ? ವಿಜ್ಞಾನಿಗಳು ಹೀಗೆಲ್ಲ ಹೆಸರಿಡಬಹುದಾ?
– ಒಬ್ಬ ತಂದೆ, ಜಯನಗರ

ಉತ್ತರ: ಮಗಳೇ ಗೆದ್ದಳು, ಒಪ್ಪಿಕೊಂಡುಬಿಡಿ. ಆ ಜೇಡದ ಹೆಸರು ಎರಿಯೋವಿಕ್ಸಿಯ ಗ್ರಿಫಿಂಡರಿ. ಸಿಕ್ಕಿದ್ದು ಪಶ್ಚಿಮ ಘಟ್ಟದ ನಮ್ಮ ಕಾನು ಕಾಡಿನಲ್ಲಿ. 2016ರಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಅದನ್ನು ಜಗತ್ತಿಗೆ ಪರಿಚಯಿಸಿದರು. ಮೈ ಉದ್ದ ಸುಮಾರು 7 ಮಿಲಿಮೀಟರ್, ಹೆಚ್ಚು ಕಡಿಮೆ ಒಂದು ಅಕ್ಕಿಕಾಳು. ಹೊಟ್ಟೆ ಹಿಂದಕ್ಕೆ ಹೋಗುತ್ತಾ ಚೂಪಾಗಿ ಡೊಂಕಾಗುತ್ತದೆ. ಹಗಲಲ್ಲಿ ನೋಡಿದರೆ ಮುದುರಿಕೊಂಡ ಒಣ ಎಲೆ ಅಂತಲೇ ಅನ್ನಿಸಬೇಕು. ಹಕ್ಕಿಗಳ ಕಣ್ಣಿಗೆ ಬೀಳದಿರಲು ಅದು ಕಟ್ಟಿಕೊಂಡ ವೇಷ ಅದು. ನಿಮ್ಮ ಮಗಳಂಥವರ ಕಣ್ಣಿಗೆ ಮಾತ್ರ ಅದು ಎಲೆಯಲ್ಲ, ಟೋಪಿ! ಹಾಗ್ವಾರ್ಟ್ಸ್ ಶಾಲೆಯಲ್ಲಿ ಮಕ್ಕಳ ತಲೆ ಮೇಲೆ ಕೂತು ಯಾರು ಯಾವ ಹೌಸು ಅಂತ ಹಂಚುತ್ತದಲ್ಲ, ಆ ಹಳೇ ಟೋಪಿ. ಅದರ ಮೊದಲ ಒಡೆಯ ಗಾಡ್ರಿಕ್ ಗ್ರಿಫಿಂಡರ್. ಹೆಸರಿನ ಕೊನೆಯ 'ಇ' ಲ್ಯಾಟಿನ್ ಪ್ರತ್ಯಯ, ನಮ್ಮ 'ನ' ಇದ್ದ ಹಾಗೆ. ಗ್ರಿಫಿಂಡರಿ ಅಂದರೆ ಗ್ರಿಫಿಂಡರ್‌ನ.

ಇಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಹೆಸರಲ್ಲಿ ಎರಡು ಪದ ಇರಬೇಕು, ಲ್ಯಾಟಿನ್ ಲಿಪಿಯಲ್ಲಿರಬೇಕು, ಅದೇ ಕುಲದಲ್ಲಿ (ಹೆಸರಿನ ಮೊದಲ ಪದ ಒಂದೇ ಆಗಿರುವ ಜೀವಿಗಳ ಗುಂಪು) ಬೇರೆ ಯಾವುದಕ್ಕೂ ಆ ಹೆಸರು ಇರಬಾರದು. ವಿವರಣೆ ಪ್ರಕಟವಾಗಬೇಕು. ಪದಕ್ಕೆ ಅರ್ಥ ಇರಲೇಬೇಕು ಅಂತ ಅದು ಕೇಳುವುದೇ ಇಲ್ಲ. ಸುಮ್ನೆ ಅಕ್ಷರ ಜೋಡಿಸಿದರೂ ನಡೆಯುತ್ತದೆ. ಇನ್ನೊಬ್ಬರ ಮನಸ್ಸು ನೋಯಿಸಬೇಡಿ ಎನ್ನುವ ಬುದ್ಧಿಮಾತು ಮಾತ್ರ ಇದೆ.

ಹಾಗಂತ ಸಿಕ್ಕಿದ ಹೆಸರನ್ನು ಸಿಕ್ಕಿದ ಹುಳಕ್ಕೆ ಅಂಟಿಸುವುದು ನನಗೆ ಹಿಡಿಸುವುದಿಲ್ಲ. ಹೆಸರು ಕೇಳಿದರೆ ಜೀವಿಯ ಒಂದು ಗುಣವಾದರೂ ನೆನಪಾಗಬೇಕು. ಅರುಣಾಚಲ ಪ್ರದೇಶದ ಒಂದು ಹಸಿರು ಗುಳಿಮಂಡಲ ಹಾವಿಗೆ 2020ರಲ್ಲಿ ಟ್ರೈಮೆರೆಸುರಸ್ ಸಲಝಾರ್ ಅಂತ ಹೆಸರು ಬಂತು. ಕಥೆಯಲ್ಲಿ ಸಲಝಾರ್ ಸ್ಲಿದರಿನ್‌ಗೆ ಹಾವುಗಳ ಜೊತೆ ಮಾತಾಡಲು ಬರುತ್ತದೆ. ಇದು ಒಪ್ಪುವ ಹೆಸರು. ಹೆಸರಿಟ್ಟ ತಂಡದ ಜೀಶಾನ್ ಮಿರ್ಜಾ ಆಗ ಇದ್ದದ್ದು ಇಲ್ಲೇ ಬೆಂಗಳೂರಿನಲ್ಲಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ. ಥಾಯ್ಲೆಂಡಿನ ಒಂದು ಕಣಜಕ್ಕೆ ಆಂಪ್ಯುಲೆಕ್ಸ್ ಡಿಮೆಂಟರ್ ಎಂಬ ಹೆಸರನ್ನು ಆರಿಸಿದ್ದು ಬರ್ಲಿನ್ ಮ್ಯೂಸಿಯಂ ನೋಡಲು ಬಂದ ಜನ, ವೋಟು ಹಾಕಿ. ಈ ಬಳಗದ ಕಣಜ ಜಿರಳೆಗೆ ಚುಚ್ಚಿದರೆ ಜಿರಳೆ ಸಾಯುವುದಿಲ್ಲ. ಓಡಿಹೋಗಬೇಕು ಎಂಬ ಮನಸ್ಸೇ ಅದಕ್ಕೆ ಬರುವುದಿಲ್ಲ, ಅಷ್ಟೇ. ಹ್ಯಾರಿ ಪಾಟರ್ ಕಥೆಯ ಡಿಮೆಂಟರ್‌ಗಳೂ ಹೀಗೆಯೇ, ಮನುಷ್ಯರ ಆತ್ಮವನ್ನೇ ಹೀರಿ ಬರೀ ಮೈ ಉಳಿಸುತ್ತವೆ. ಬೇಕಿದ್ದರೆ ಮಗಳನ್ನೇ ಕೇಳಿ.

ಪ್ರಶ್ನೆ: ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಸಿನಿಮಾ, ಮಕ್ಕಳ ಕಥೆ ಅಂತ ಹೆಸರಿಡುವುದು ವಿಜ್ಞಾನದ ಘನತೆಗೆ ಕಡಿಮೆ ಅಲ್ಲವೇ? ನಮ್ಮ ಕಾಲದಲ್ಲಿ ಹೀಗಿರಲಿಲ್ಲ.
– ನಿವೃತ್ತ ಅಧ್ಯಾಪಕರು, ಬಸವನಗುಡಿ

ಉತ್ತರ: ಮೇಷ್ಟ್ರೇ, ಕ್ಷಮಿಸಿ, ನಿಮ್ಮ ಕಾಲಕ್ಕಿಂತ ಬಹಳ ಮೊದಲೇ ಹೀಗಿತ್ತು. ಈ ಚಾಳಿ ಶುರು ಮಾಡಿದ್ದೇ ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್. ಲಾಲ್‌ಬಾಗಿಗೆ ವಾಕಿಂಗ್ ಹೋದಾಗ ಕಪ್ಪು ರೆಕ್ಕೆ, ಕೆಂಪು ಮೈಯ ದೊಡ್ಡ ಚಿಟ್ಟೆ ನೋಡಿರುತ್ತೀರಿ. ಅದರ ಹೆಸರು ಪ್ಯಾಕ್ಲಿಯೋಪ್ಟ ಹೆಕ್ಟರ್. ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ಹೆಕ್ಟರನೇ. ಸಾಲಾಗಿ ನೆಟ್ಟ ಉದ್ದನೆಯ ಅಶೋಕದ ಮರಗಳ ಸುತ್ತ ಪಟಪಟ ಅಂತ ನಿಲ್ಲದೆ ಹಾರುವ ಹಸಿರು ಚುಕ್ಕೆಯ ಚಿಟ್ಟೆ ಗ್ರಾಫಿಯಂ ಆಗಮೆಮ್ನಾನ್, ಆ ಯುದ್ಧದ ಗ್ರೀಕ್ ದೊರೆಯ ಹೆಸರು. ಟೆರೇಸಿನ ಕುಂಡದ ಕರಿಬೇವಿಗೆ ಮೊಟ್ಟೆ ಇಟ್ಟು ಮನೆಯವರಿಂದ ಬೈಸಿಕೊಳ್ಳುವುದು ಪ್ಯಾಪಿಲಿಯೊ ಡೆಮೋಲಿಯಸ್, ಅವನೂ ಅದೇ ಯುದ್ಧದಲ್ಲಿ ಸತ್ತ ಒಬ್ಬ ಗ್ರೀಕ್ ಯೋಧ. ಮೂರೂ ಹೆಸರು 1758ರವು.

ಇದರಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಈ ದೊಡ್ಡ ಚಿಟ್ಟೆಗಳನ್ನು ಲಿನೇಯಸ್ ಎರಡು ಪಾಳಯ ಮಾಡಿದ. ಎದೆಯ ಮೇಲೆ ರಕ್ತದ ಕಲೆಯಂಥ ಕೆಂಪು ಇದ್ದವು ಟ್ರಾಯ್ ಕಡೆ, ಇಲ್ಲದವು ಗ್ರೀಕರ ಕಡೆ. ನಾವು ಚಿಟ್ಟೆಗಳನ್ನು ಕೌರವರು, ಪಾಂಡವರು ಅಂತ ಹಂಚಿದ ಹಾಗೆ. ಆ ಯುದ್ಧವನ್ನು ಹಾಡಿದ ಗ್ರೀಕ್ ಕವಿ ಹೋಮರನ ಕಥೆ ಗೊತ್ತಿಲ್ಲದ ವಿದ್ವಾಂಸ ಆಗ ಯುರೋಪಿನಲ್ಲಿ ಇರಲಿಲ್ಲ, ಹಾಗಾಗಿ ಹೆಸರುಗಳು ತಲೆಯಲ್ಲಿ ನಿಲ್ಲುತ್ತಿದ್ದವು. ಇವತ್ತಿನ ಹುಡುಗರು ಜಾಸ್ತಿ ಓದುವುದು, ನೋಡುವುದು ಬೇರೆ ಕಥೆ. 2005ರಲ್ಲಿ ಕೆಲ್ಲಿ ಮಿಲ್ಲರ್ ಮತ್ತು ಕ್ವೆಂಟಿನ್ ವೀಲರ್ ಒಂದೇ ಪ್ರಬಂಧದಲ್ಲಿ 65 ಹೊಸ ಜೀರುಂಡೆಗಳಿಗೆ ಹೆಸರು ಹುಡುಕಬೇಕಾಯಿತು. ನಮ್ಮಲ್ಲಿ ಒಂದು ಮಗುವಿಗೆ ಹೆಸರಿಡುವಷ್ಟರಲ್ಲಿ ಮನೆಯವರಿಗೆಲ್ಲ ಸಾಕಾಗುತ್ತದೆ! ಅಗಲ ತಲೆ ಮಿರಮಿರ ಮಿಂಚುತ್ತಿದ್ದ ಒಂದು ಜೀರುಂಡೆ ಸ್ಟಾರ್ ವಾರ್ಸ್‌ನ ಹೆಲ್ಮೆಟ್‌ಧಾರಿ ಖಳನಾಯಕನ ಹೆಸರಲ್ಲಿ ಅಗಾಥಿಡಿಯಂ ವೇಡರಿ ಆಯಿತು.

ಆದರೂ ನಿಮ್ಮ ಸಂಕಟ ಪೂರ್ತಿ ಸುಳ್ಳಲ್ಲ. ಹಿಮಾಲಯದಲ್ಲಿ ಸಿಕ್ಕ ಒಂದು ಹಾವಿಗೆ 2024ರಲ್ಲಿ ಹಾಲಿವುಡ್ ನಟ ಡಿಕಾಪ್ರಿಯೊ ಹೆಸರಿಟ್ಟರು. ಅವರು ಪರಿಸರಕ್ಕಾಗಿ ಕೆಲಸ ಮಾಡುವವರು, ನಿಜ. ಆದರೆ ಆ ಹೆಸರಿನಿಂದ ಹಾವಿನ ಬಗ್ಗೆ ನನಗೇನೂ ತಿಳಿಯುವುದಿಲ್ಲ. ಪೇಪರಿನಲ್ಲಿ ಸುದ್ದಿ ಬಂತು, ಅದು ಲಾಭ.

ಕಥೆಯ ಹೆಸರಿಗೆ ವಿಶೇಷ ರಕ್ಷಣೆಯೂ ಇಲ್ಲ. 2006ರಲ್ಲಿ ಒಂದು ಡೈನೋಸಾರ್‌ಗೆ ಡ್ರಾಕೋರೆಕ್ಸ್ ಹಾಗ್ವಾರ್ಟ್ಸಿಯ ಅಂತ ಹೆಸರಿಟ್ಟರು. ಆಮೇಲೆ ಕೆಲವು ತಜ್ಞರು, ಇದು ಹೊಸದಲ್ಲ, ಪ್ಯಾಕಿಸೆಫಲೋಸಾರಸ್‌ನ ಮರಿ ಅಂದರು. ಅದೇ ನಿಜವಾದರೆ ಮೊದಲು ಇಟ್ಟ ಹೆಸರೇ ನಿಲ್ಲುತ್ತದೆ, ಹಾಗ್ವಾರ್ಟ್ಸ್ ಬಿದ್ದುಹೋಗುತ್ತದೆ.

ಪ್ರಶ್ನೆ: ಎಲ್ಲ ಇಂಗ್ಲಿಷ್ ಕಥೆಯ ಹೆಸರುಗಳೇ ಆಯಿತು. ನಮ್ಮ ಕಥೆ, ನಮ್ಮ ಭಾಷೆಯ ಹೆಸರುಗಳಿಲ್ಲವೇ?
– ಪದವಿ ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಇವೆ, ನನಗೆ ಜಾಸ್ತಿ ಇಷ್ಟವಾಗುವುದೂ ಅವೇ. ಕೇರಳದಲ್ಲಿ ನೆಲದಡಿಯ ನೀರಿನಲ್ಲಿ ವಾಸಿಸುವ ಒಂದು ವಿಚಿತ್ರ ಮೀನಿದೆ, ಹಾವಿನ ಹಾಗೆ ಉದ್ದ. 2018ರ ಪ್ರವಾಹದ ಹೊತ್ತಿಗೆ ಅದು ಮಲಪ್ಪುರಂ ಜಿಲ್ಲೆಯ ಒಂದು ಗದ್ದೆಯಲ್ಲಿ ಕಾಣಿಸಿಕೊಂಡಿತು. ಮರುವರ್ಷ ಅದಕ್ಕೆ ಎನಿಗ್ಮಾಚನ್ನ ಗೋಲಮ್ ಅಂತ ಹೆಸರಿಟ್ಟರು. ಗೋಲಮ್ ಟೋಲ್ಕಿನ್ ಕಥೆಯಲ್ಲಿ ಗುಹೆಯ ಕತ್ತಲಲ್ಲೇ ಬದುಕಿದವನು. ಸರಿಯಾಗಿಯೇ ಇದೆ. ಆದರೆ ಅದೇ 2019ರಲ್ಲಿ ಅದರ ದಾಯಾದಿ ಮೀನು ಇನ್ನೊಂದು ಸಿಕ್ಕಿತು. ಆ ತಂಡ ಅದನ್ನು ಎನಿಗ್ಮಾಚನ್ನ ಮಹಾಬಲಿ ಅಂದಿತು. ವಾಮನ ತಲೆ ಮೇಲೆ ಕಾಲಿಟ್ಟು ಪಾತಾಳಕ್ಕೆ ತುಳಿದ ಬಲಿ, ವರ್ಷಕ್ಕೊಮ್ಮೆ ಮೇಲೆ ಬರುವ ಬಲಿ. ಬಲಿಪಾಡ್ಯಮಿಗೆ ಎಣ್ಣೆ ಸ್ನಾನ ಮಾಡುವ ನಮಗೆ ಅದನ್ನು ಯಾರಾದರೂ ವಿವರಿಸಬೇಕಾ?

ಇನ್ನು ಕನ್ನಡ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಯಲ್ಲಿ ಒಂದು ಕಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ನಿಂತುಕೊಂಡು, ಕೈಯಲ್ಲಿ ಕೆಸರು ಬಾಚಿ, ಮೊಟ್ಟೆಗಳಿಗೆ ಮೆತ್ತುತ್ತದೆ. ಗುರುರಾಜ ಕೆ.ವಿ. ಮತ್ತು ಸಂಗಡಿಗರು 2014ರಲ್ಲಿ ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಇಂಗ್ಲಿಷಿನಲ್ಲಿ ಪಾಟರ್ ಅಂದರೂ ಕುಂಬಾರನೇ ಅಲ್ವಾ! ಹ್ಯಾರಿಗೂ ಈ ಕಪ್ಪೆಗೂ ಸಂಬಂಧ ಇಲ್ಲ ಬಿಡಿ, ನನಗೆ ಹೊಳೆದು ನಗು ಬಂತು. ಜಿಗಿಯುವ ಜೇಡಗಳ ಒಂದು ಕುಲಕ್ಕೆ ತೆಂಕಣ ಎಂಬ ಹೆಸರೇ ಇದೆ. ದಕ್ಷಿಣದ್ದು ಎಂಬ ಅರ್ಥದ, ನಾವೇ ಮರೆಯುತ್ತಿರುವ ಪದ. ಅದರಲ್ಲಿ ಒಂದು ಜಾತಿ ತೆಂಕಣ ಜಯಮಂಗಲಿ, ದೇವರಾಯನದುರ್ಗದ ಕಡೆಯ ಹೊಳೆಯ ಹೆಸರು. ನಮ್ಮೂರಿನ ಹೊರವಲಯದಲ್ಲಿ ಸಿಕ್ಕ, ಮಣ್ಣು ತೋಡಿ ಒಳಗೆ ಸೇರಿಕೊಳ್ಳುವ ಕಪ್ಪೆಗೆ 2020ರಲ್ಲಿ ಸ್ಫೀರೋಥೀಕ ಬೆಂಗಳೂರು ಅಂತ ಹೆಸರಾಯಿತು. ಅದು ಇರುವಂಥ ಖಾಲಿ ಜಾಗಗಳಲ್ಲಿ ಈಗ ಲೇಔಟ್ ಬೋರ್ಡುಗಳು ಏಳುತ್ತಿವೆ, ಅದು ಬೇರೆ ಮಾತು.

ಪ್ರಶ್ನೆ: ತುರಹಳ್ಳಿ ಕಾಡಿನಲ್ಲಿ ಒಂದು ಜೇಡ ನೋಡಿದೆ. ನೆಟ್‌ನಲ್ಲಿ ಎಲ್ಲೂ ಅಂಥದ್ದು ಇಲ್ಲ. ಫೋಟೊ ಕಳಿಸಿದ್ದೇನೆ. ಹೊಸದಾದರೆ ಅಣ್ಣಾವ್ರ ಹೆಸರಿಡಬಹುದಾ?
– ಕನಕಪುರ ರಸ್ತೆಯ ಓದುಗ

ಉತ್ತರ: ಅಣ್ಣಾವ್ರ ಹೆಸರಿಗೆ ನನ್ನ ತಕರಾರಿಲ್ಲ. ಗಂಡಸಿನ ಹೆಸರಾದ್ದರಿಂದ ಕೊನೆಗೆ 'ಇ' ಸೇರಿಸಿ ರಾಜ್‌ಕುಮಾರಿ ಅಂತ ಆಗುತ್ತದೆ, ಅಭಿಮಾನಿಗಳಿಗೆ ನೀವೇ ಸಮಾಧಾನ ಹೇಳಬೇಕು. ಆದರೆ ಅವಸರ ಬೇಡ. ಹೆಸರಿಡುವುದು ಕೊನೆಯ ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲು ಆ ಕುಲದ ಎಲ್ಲ ಜೇಡಗಳ ಹಳೇ ವಿವರಣೆ ಓದಿ, ಮ್ಯೂಸಿಯಂಗಳಲ್ಲಿರುವ ಮಾದರಿಗಳ ಜೊತೆ ಹೋಲಿಸಿ, ಮೈಕ್ರೋಸ್ಕೋಪಿನಡಿ ಜನನಾಂಗದ ಆಕಾರ ನೋಡಿ, ಇದು ಬೇರೆಯೇ ಅಂತ ತೋರಿಸಬೇಕು. ವರ್ಷಗಳು ಹಿಡಿಯುತ್ತವೆ. ನೀವಾಗಿಯೇ ಹಿಡಿದು ಡಬ್ಬಿಗೆ ಹಾಕಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗಿಡದ ಮೇಲೆ ಅಂತ ಬರೆದಿಟ್ಟುಕೊಳ್ಳಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಚಿತ್ರ ಹಾಕಿ, ಜೇಡ ಬಲ್ಲವರು ನೋಡುತ್ತಾರೆ.

ನೀವು ಕಳಿಸಿದ ಫೋಟೊದಲ್ಲಿ ಬೆನ್ನು ಮಾತ್ರ ಇದೆ. ಕಣ್ಣುಗಳು ಯಾವ ಸಾಲಿನಲ್ಲಿ ಎಷ್ಟೆಷ್ಟಿವೆ ಅಂತ ಕಾಣದೆ ಯಾವ ಕುಟುಂಬ ಅಂತಲೂ ಹೇಳಲು ಆಗುತ್ತಿಲ್ಲ. ಮುಂದಿನ ಭಾನುವಾರ ಹೋದರೆ ಮುಖದ್ದೂ ಒಂದು ತೆಗೆದು ಕಳಿಸಿ.