ಒಂದು ಗಾಜಿಲ್ಲದ ಕಪ್ಪು ಕನ್ನಡಕ

ಉಡುಗೆ ತೊಡುಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ಹೈಟಿ ದೇಶದ ರ‍್ಯಾಪ್ ಗಾಯಕಿಯೊಬ್ಬಳ ವಿಡಿಯೊವನ್ನು ನನ್ನ ಮಗಳು ತೋರಿಸಿದಳು. ಎತ್ತರದ ಕಪ್ಪು ಹ್ಯಾಟು, ನೇರಳೆ ಕೋಟು, ಮುಖಕ್ಕೆಲ್ಲ ಬಿಳಿ ಪುಡಿ, ಕೋಟಿನ ಕೆಳಗೆ ತೀರಾ ಗಿಡ್ಡನೆಯ ಚಡ್ಡಿ. ಹಾಕಿಕೊಂಡ ಕಪ್ಪು ಕನ್ನಡಕಕ್ಕೆ ಒಂದೇ ಗಾಜು! ಇದು ದಿಟ್ಟ ಫ್ಯಾಷನ್ ಎಂದು ಮಗಳ ವಾದ, ಹುಚ್ಚಾಟ ಎಂದು ನನ್ನದು. ನೀವೇನು ಹೇಳುತ್ತೀರಿ?
– ಒಬ್ಬ ತಾಯಿ

ಉತ್ತರ: ಗಾಯಕಿಯ ಹೆಸರನ್ನು ನೀವು ಬರೆದಿಲ್ಲ. ಪರವಾಗಿಲ್ಲ, ವೇಷವನ್ನು ಚೆನ್ನಾಗಿ ಗಮನಿಸಿದ್ದೀರಿ. ಚಡ್ಡಿಯ ಅಳತೆಯನ್ನು ಸದ್ಯಕ್ಕೆ ಬದಿಗಿಡಿ. ನಾಟಕದವರಿಗೆ ವೇಷ ಹೊಲಿದುಕೊಟ್ಟೇ ಹೊಟ್ಟೆ ಹೊರೆದವಳು ನಾನು. ಕನ್ನಡಕದಲ್ಲಿ ಗಾಜು ಇಲ್ಲ ಎಂದರೆ ಅದು ಬಿದ್ದುಹೋಯಿತೋ, ತೆಗೆದದ್ದೋ ಎಂದು ಮೊದಲು ಕೇಳುತ್ತೇನೆ. ಇಲ್ಲಿ ಬೇಕೆಂದೇ ತೆಗೆದದ್ದು.

ಹೈಟಿಯ ವೊಡೂ ಧರ್ಮದಲ್ಲಿ ಗೇಡೆ ಎಂಬ ಸತ್ತವರ ದೈವಗಳಿವೆ, ಸ್ಮಶಾನವೇ ಅವುಗಳ ಮನೆ. ನೀವು ವರ್ಣಿಸಿರುವ ಹ್ಯಾಟು, ಕಪ್ಪು ನೇರಳೆ ಬಣ್ಣ, ಬಿಳಿ ಪುಡಿ ಎಲ್ಲವೂ ಅವುಗಳದ್ದೇ. ಒಂದು ಕಣ್ಣು ಬದುಕಿದವರ ಮೇಲೆ, ಇನ್ನೊಂದು ಸತ್ತವರ ಮೇಲೆ, ಅದಕ್ಕೇ ಒಂದು ಗಾಜು ಎನ್ನುವವರುಂಟು. ನವೆಂಬರ್ 1 ಮತ್ತು 2ರಂದು ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನ ದೊಡ್ಡ ಸ್ಮಶಾನದಲ್ಲಿ ಗೇಡೆಗಳ ಹಬ್ಬ ನಡೆಯುತ್ತದೆ. ದೈವ ಮೈಮೇಲೆ ಬಂದವರು ಖಾರದ ಮೆಣಸಿನಕಾಯಿ ನೆನೆಸಿದ ಕ್ಲೆರೆನ್ ಎಂಬ ಕಬ್ಬಿನ ಸಾರಾಯಿ ಕುಡಿಯುತ್ತಾರೆ, ಸೊಂಟ ತಿರುಗಿಸಿ ಬಾಂಡಾ ಕುಣಿಯುತ್ತಾರೆ, ಊರ ದೊಡ್ಡವರ ಮುಖಕ್ಕೆ ಪೋಲಿ ಮಾತು ಎಸೆಯುತ್ತಾರೆ. ಹೆಂಗಸಿನ ಮೈಮೇಲೆ ಬಂದರೂ ಅದೇ ಮಾತು, ಅದೇ ಕುಣಿತ. ಯಾರೂ ಸಿಟ್ಟಾಗುವಂತಿಲ್ಲ. ಸತ್ತವನಿಗೆ ಶಿಕ್ಷೆ ಕೊಡುವುದು ಹೇಗೆ?

ಈಗ ಇದನ್ನು ರ‍್ಯಾಪ್‌ಗೆ ಹೊಂದಿಸಿ ನೋಡಿ. 1980ರ ದಶಕದಲ್ಲಿ ಮಾಸ್ಟರ್ ಜಿ ಎಂಬ ಗಾಯಕ ಹೈಟಿಯ ಜನರ ಆಡುಮಾತಾದ ಕ್ರೆಯೋಲ್ ಭಾಷೆಯಲ್ಲಿ ರ‍್ಯಾಪ್ ಆರಂಭಿಸಿದಾಗಿನಿಂದ ಅಲ್ಲಿ ಗಂಡಸರದೇ ದರ್ಬಾರು. ಪ್ರಿನ್ಸೆಸ್ ಯೂಡ್ ಅವರಂತೆ ಹೆಸರು ಮಾಡಿದ ಹೆಣ್ಣುಮಕ್ಕಳು ಕಡಿಮೆ. ಅಂಥ ವೇದಿಕೆಗೆ ಗೇಡೆಯ ವೇಷದಲ್ಲಿ ಬಂದವಳು, ಬಾಯಿಗೆ ಬಂದದ್ದನ್ನು ಹೇಳುವ ಅಧಿಕಾರವನ್ನು ತೊಟ್ಟುಕೊಂಡೇ ಬಂದಿರುತ್ತಾಳೆ.

ಇನ್ನೂ ಒಂದು ಮಾತು. 1957ರಿಂದ 1971ರವರೆಗೆ ಹೈಟಿಯನ್ನು ಆಳಿದ ಸರ್ವಾಧಿಕಾರಿ ಫ್ರಾಂಸ್ವಾ ಡುವಾಲಿಯೇ ಕಪ್ಪು ಸೂಟು, ಹ್ಯಾಟು, ದಪ್ಪ ಕನ್ನಡಕ ಹಾಕಿ ಓಡಾಡುತ್ತಿದ್ದ. ಗೇಡೆಗಳ ಯಜಮಾನ ಬಾರೊನ್ ಸಾಮ್ದಿಯನ್ನು ಜನ ತನ್ನಲ್ಲಿ ಕಾಣಲಿ, ಕಂಡು ಹೆದರಲಿ ಎಂಬುದು ಅವನ ಲೆಕ್ಕಾಚಾರವಾಗಿತ್ತು ಎನ್ನುತ್ತಾರೆ. ಅವನು ಜನರನ್ನು ನಡುಗಿಸಲು ಬಳಸಿಕೊಂಡ ವೇಷದಲ್ಲಿ ಒಬ್ಬ ಹುಡುಗಿ ಗಿಡ್ಡ ಚಡ್ಡಿ ಹಾಕಿ ನಗುತ್ತಾ ಕುಣಿಯುತ್ತಾಳೆ ಎಂದರೆ, ಕ್ಷಮಿಸಿ, ನಾನು ನಿಮ್ಮ ಮಗಳ ಪಕ್ಷ. ಆದರೆ ಅವಳನ್ನೂ ಒಮ್ಮೆ ಕೇಳಿ, ದಿಟ್ಟತನ ಕಂಡದ್ದು ಚಡ್ಡಿಯಲ್ಲೋ ಕನ್ನಡಕದಲ್ಲೋ ಎಂದು. ಚಡ್ಡಿ ಎಂದರೆ ಅರ್ಧ ಅಂಕ ಕಳೆಯಿರಿ.

ಪ್ರಶ್ನೆ: ಹೈಟಿಯ ಸಾಂಪ್ರದಾಯಿಕ ಉಡುಪು ಎಷ್ಟು ಸಭ್ಯವಾಗಿತ್ತು! ಈ ರ‍್ಯಾಪ್ ಗಾಯಕಿಯರು ಅದನ್ನೆಲ್ಲ ಗಾಳಿಗೆ ತೂರಿ, ತಲೆಗೊಂದು ಕೆಂಪು ನೀಲಿ ಬಟ್ಟೆ ಕಟ್ಟಿಕೊಂಡರೆ ದೇಶಭಕ್ತಿಯಾಯಿತೇ?
– ನಿವೃತ್ತ ಉಪಾಧ್ಯಾಯರು

ಉತ್ತರ: ಮೇಷ್ಟ್ರೇ, ಆ ಸಾಂಪ್ರದಾಯಿಕ ಉಡುಪಿನ ಹೆಸರು ಕರಾಬೆಲಾ. ಅದರಲ್ಲಿಯೇ ಎರಡೂ ಹೆಗಲು ಬರಿದು! ನೀಲಿ ಹತ್ತಿಬಟ್ಟೆ, ಎದೆಯ ಸುತ್ತ ನೆರಿಗೆಯ ಅಂಚು, ಕೆಂಪು ಪಟ್ಟಿ. ಹೊಲದಲ್ಲಿ ದುಡಿಯುವವರ ಬಟ್ಟೆ ಅದು. ಬೇಸಾಯದ ದೈವವಾದ ಆಜಾಕಾನಿಗೂ ಅದೇ ನೀಲಿ ಬಟ್ಟೆ, ಜೊತೆಗೆ ಹುಲ್ಲಿನ ಟೋಪಿ ಮತ್ತು ಹೆಗಲಿಗೊಂದು ಹೆಣೆದ ಚೀಲ.

ಸಭ್ಯತೆಯ ಮಾತು ತೆಗೆದಿರಿ, ಅದಕ್ಕೂ ಅಲ್ಲಿ ಒಂದು ಚರಿತ್ರೆ ಇದೆ. ಹೈಟಿ ಇನ್ನೂ ಸೆಂಟ್ ಡೊಮಿಂಗ್ ಎಂಬ ಫ್ರೆಂಚ್ ವಸಾಹತಾಗಿದ್ದಾಗ, 1779ರಲ್ಲಿ ಸರ್ಕಾರವೇ ಒಂದು ನಿಯಮ ತಂದಿತು. ಬಿಳಿಯರಲ್ಲದ ಸ್ವತಂತ್ರ ಪ್ರಜೆಗಳು ಬಿಳಿಯರಂತೆ ಬಟ್ಟೆ ಉಡಬಾರದು, ತಲೆ ಬಾಚಬಾರದು ಎಂಬ ನಿಯಮ. ಹಣವಿದ್ದ ಕಪ್ಪು ಹೆಂಗಸು ರೇಷ್ಮೆ ಉಟ್ಟು ಹೊರಟರೆ ಬಿಳಿಯರ ಕಣ್ಣು ಉರಿಯುತ್ತಿತ್ತು, ವಿಷಯ ಅಷ್ಟೇ. ಹೆಚ್ಚು ಉಟ್ಟರೆ ಅಹಂಕಾರ, ಕಡಿಮೆ ಉಟ್ಟರೆ ಅನಾಗರಿಕತೆ. ಇಂಥ ಅಳತೆಗೋಲು ಹಿಡಿದವರ ಮಾತನ್ನು ಆ ನೆಲದ ಹೆಣ್ಣು ಏಕೆ ಕೇಳಬೇಕು?

ತಲೆಯ ಬಟ್ಟೆಯ ವಿಷಯ. 1803ರ ಮೇ 18ರಂದು ಅರ್ಕಾಹೆ ಊರಿನಲ್ಲಿ ಫ್ರೆಂಚ್ ಬಾವುಟದ ನಡುವಿನ ಬಿಳಿಯನ್ನು ಹರಿದುಹಾಕಿ, ಉಳಿದ ನೀಲಿ ಕೆಂಪನ್ನು ಕ್ಯಾಥರೀನ್ ಫ್ಲೋನ್ ಎಂಬಾಕೆ ಹೊಲಿದು ಜೋಡಿಸಿ ಹೈಟಿಯ ಬಾವುಟ ಮಾಡಿದಳೆಂಬುದು ಅಲ್ಲಿಯವರ ನಂಬಿಕೆ. (ಹೊಲಿಗೆಯವಳಾಗಿ ಈ ಕಥೆ ಹೇಳುವಾಗ ನನಗೆ ಸ್ವಲ್ಪ ಜಂಭ.) ಅಮೆರಿಕಕ್ಕೆ ವಲಸೆ ಹೋದ ಹೈಟಿಯವರ ಪಾಲಿಗೆ ಇದೇ ಬಾವುಟ ಒಂದು ಕಾಲದಲ್ಲಿ ಬಚ್ಚಿಡಬೇಕಾದ ವಸ್ತುವಾಗಿತ್ತು. 1983ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಏಡ್ಸ್ ಅಪಾಯದ ಗುಂಪುಗಳಲ್ಲಿ ಹೈಟಿಯವರನ್ನೂ ಸೇರಿಸಿತು. 1990ರಲ್ಲಿ ಅವರ ರಕ್ತದಾನವನ್ನೇ ನಿಷೇಧಿಸಿದಾಗ ಸಾವಿರಾರು ಮಂದಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆಯ ಮೇಲೆ ಮೆರವಣಿಗೆ ಹೊರಟರು. ಮಕ್ಕಳು ಶಾಲೆಯಲ್ಲಿ ತಾವು ಹೈಟಿಯವರೆಂದು ಹೇಳಿಕೊಳ್ಳಲು ಹೆದರುತ್ತಿದ್ದ ದಿನಗಳವು. 1997ರ ಗ್ರ್ಯಾಮಿ ಸಮಾರಂಭದಲ್ಲಿ ರ‍್ಯಾಪ್ ಗಾಯಕ ವೈಕ್ಲೆಫ್ ಜಾನ್ ಆ ಬಾವುಟವನ್ನೇ ಹೊದ್ದು ಹಾಡಿದಾಗ ಎಷ್ಟೋ ಮನೆಗಳಲ್ಲಿ ಕಣ್ಣೀರು ಬಂದಿರಬೇಕು. ಬಚ್ಚಿಟ್ಟದ್ದನ್ನು ತಲೆಗೆ ಕಟ್ಟಿಕೊಂಡರೆ ಅದು ದೇಶಭಕ್ತಿಯೋ ಅಲ್ಲವೋ, ನೀವೇ ತೀರ್ಮಾನಿಸಿ.

ಪ್ರಶ್ನೆ: ನಾನು ಹೊಲಿಗೆ ಕಲಿಯುತ್ತಿದ್ದೇನೆ. ಹೈಟಿ ಬಡ ದೇಶವಲ್ಲವೇ? ಅಲ್ಲಿನ ರ‍್ಯಾಪ್ ಗಾಯಕಿಯರ ಮೈತುಂಬ ಮಿನುಗುವ ಜಾಕೆಟ್‌ಗಳಿಗೆ ಹಣ ಎಲ್ಲಿಂದ ಬರುತ್ತದೆ, ಹೊಲಿಯುವವರು ಯಾರು?
– ವಿದ್ಯಾರ್ಥಿನಿ

ಉತ್ತರ: ಹಣಕ್ಕಿಂತ ಕೈಕೆಲಸ ಹೆಚ್ಚು, ಮಗಳೇ. ಅಮೆರಿಕದಲ್ಲಿ ಉಟ್ಟು ಬಿಟ್ಟ ಬಟ್ಟೆಗಳು ಮೂಟೆ ಮೂಟೆಯಾಗಿ ಹಡಗಿನಲ್ಲಿ ಹೈಟಿಗೆ ಬರುತ್ತವೆ. ಅವನ್ನು ಪೇಪೆ ಎನ್ನುತ್ತಾರೆ. ಪೋರ್ಟ್ ಔ ಪ್ರಿನ್ಸ್‌ನ ಕಾರ್ಖಾನೆಗಳಲ್ಲಿ ಹೊಲಿದು ರಫ್ತಾದ ಟಿ-ಶರ್ಟು ಅಮೆರಿಕದಲ್ಲಿ ಹಳೆಯದಾಗಿ, ಹೊಲಿದವಳ ಊರಿಗೇ ಪೇಪೆಯಾಗಿ ಮರಳಿದರೂ ಆಶ್ಚರ್ಯವಿಲ್ಲ. ದರ್ಜಿಗಳು ಅದನ್ನು ಬಿಚ್ಚಿ, ಕತ್ತರಿಸಿ, ಬೇರೆಯೇ ಉಡುಪು ಮಾಡುತ್ತಾರೆ.

ಮಿನುಗಿನ ಮೂಲ ದೇವಾಲಯದಲ್ಲಿದೆ. ವೊಡೂ ಪೂಜೆಯ ಬಾವುಟಗಳಾದ ದ್ರಾಪೊಗಳಿಗೆ ಮೈತುಂಬ ಚಮಕಿ. ಮಿರ್ಲಾಂಡ್ ಕಾನ್ಸ್‌ಟಾಂಟ್ ಎಂಬ ಕಲಾವಿದೆ ಮದುವೆ ಉಡುಪಿನ ಕಾರ್ಖಾನೆಯಲ್ಲಿ ಮಣಿ ಹೊಲಿಯುತ್ತಿದ್ದವರು. ಆ ಕಸುಬನ್ನೇ ದ್ರಾಪೊಗೆ ತಂದು, 2022ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದವರೆಗೆ ಹೋದರು. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಕೊಕ್ಕೆ ಸೂಜಿಯಲ್ಲಿ ಹೊಲಿಯುವ ವಿಧಾನ ಅವರದು. ಆರಿ ಕೆಲಸ ನಿಮಗೆ ಗೊತ್ತಿದ್ದರೆ ಕೈ ಬೇಗ ಕೂರುತ್ತದೆ.

ನೀವು ಹಳೆಯ ಡೆನಿಮ್ ಜಾಕೆಟ್ ಒಂದರ ಬೆನ್ನಿನಿಂದ ಆರಂಭಿಸಿ. ಪ್ರತಿ ಚಮಕಿಯ ನಡುವಿನ ರಂಧ್ರದ ಮೇಲೆ ಒಂದು ಸಣ್ಣ ಮಣಿ ಕೂರಿಸಿ, ಅದೇ ರಂಧ್ರದಲ್ಲಿ ಸೂಜಿಯನ್ನು ಹಿಂದಕ್ಕೆ ಎಳೆಯಿರಿ, ಆಗ ದಾರ ಮೇಲೆ ಕಾಣುವುದಿಲ್ಲ. ಎರಡೆಳೆ ದಾರವನ್ನೇ ಬಳಸಿ, ಕೆಲವು ಹೊಲಿಗೆಗೊಮ್ಮೆ ಗಂಟು ಹಾಕಿ. ಇಲ್ಲದಿದ್ದರೆ ಒಂದು ದಾರ ಕಡಿದರೆ ಸಾಕು, ಕುಣಿಯುವವಳ ಬೆನ್ನಿನ ಚಮಕಿಯೆಲ್ಲ ವೇದಿಕೆಯ ಮೇಲೆ ಉದುರಿ, ಗುಡಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ.