ಮೊಂಡಾದ ಹಳೆಯ ಬೈರಿಗೆ ಬಿಟ್‌ಗಳು (ಮರ ಕೊರೆಯುವ ಸುರುಳಿ ಸರಳುಗಳು) ಎಷ್ಟು ತಿರುಗಿಸಿದರೂ ಇಳಿಯುವುದಿಲ್ಲ, ಬರೀ ಪುಡಿ ಬರುತ್ತದೆ. ಅವನ್ನು ಸಾಣೆ ಹಿಡಿಯುವ ಗ್ರೈಂಡರ್‌ಗೆ ಹಿಡಿದು ಹರಿತ ಮಾಡಬಹುದೇ?

ಗ್ರೈಂಡರ್ ಬೇಡವೇ ಬೇಡ. ಬಿಟ್‌ನ ಬಾಯಿ ಚಿಕ್ಕದು. ತಿರುಗುವ ಕಲ್ಲು ತಾಗಿದರೆ ವರ್ಷಗಟ್ಟಲೆ ಬಾಳಬೇಕಾದ ಲೋಹ ಕ್ಷಣದಲ್ಲಿ ಹೋಗುತ್ತದೆ, ಉಳಿದದ್ದು ಬಿಸಿಯೇರಿ ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಈ ಬಿಟ್‌ಗಳ ಉಕ್ಕು ಅರಕ್ಕೆ ಬಗ್ಗುತ್ತದೆ, ಸಣ್ಣ ಹಲ್ಲಿನ ಪುಟ್ಟ ಚಪ್ಪಟೆ ಅರ ಸಾಕು. ಇದಕ್ಕೆಂದೇ ಮಾಡಿದ ಅರವೂ ಸಿಗುತ್ತದೆ: ಅದರ ಒಂದು ತುದಿಯಲ್ಲಿ ಅಂಚುಗಳಿಗೆ ಹಲ್ಲಿಲ್ಲ, ಇನ್ನೊಂದು ತುದಿಯಲ್ಲಿ ಮುಖಗಳಿಗೆ ಹಲ್ಲಿಲ್ಲ. ಹಾಗಾಗಿ ಒಂದು ಕಡೆ ಉಜ್ಜುವಾಗ ಪಕ್ಕದ ಭಾಗ ಗೀರುವುದಿಲ್ಲ.

ಎಷ್ಟು ತಿರುಗಿಸಿದರೂ ಬಿಟ್ ಇಳಿಯುವುದಿಲ್ಲ, ಬರೀ ಪುಡಿ ಬರುತ್ತದೆ ಎಂದಿದ್ದೀರಿ. ಮೊದಲು ತುದಿಯ ಸ್ಕ್ರೂ ನೋಡಿ. ಬಿಟ್ಟನ್ನು ಮರದೊಳಕ್ಕೆ ಎಳೆಯುವುದು ಅದೇ. ಅದರ ಎಳೆಗಳ ನಡುವೆ ತುಕ್ಕೂ ಹಳೆಯ ಮರದ ಪುಡಿಯೂ ಕಚ್ಚಿಕೊಂಡಿದ್ದರೆ ಉಳಿದದ್ದನ್ನು ಎಷ್ಟು ಮಸೆದರೂ ವ್ಯರ್ಥ. ಸೂಜಿಯಿಂದ ಕೆದಕಿ ತೆಗೆಯಿರಿ. ಆಮೇಲೆ ದಾರಕ್ಕೆ ಮಸೆಯುವ ಪೇಸ್ಟ್ ಹಚ್ಚಿ, ಎಳೆಗಳ ಜಾಡಿನಲ್ಲೇ ಹಿಂದೆ ಮುಂದೆ ಎಳೆಯಿರಿ. ಅರವನ್ನು ಮಾತ್ರ ಅದಕ್ಕೆ ತಾಗಿಸಬೇಡಿ.

ಸ್ಕ್ರೂವಿನ ಅಕ್ಕಪಕ್ಕದಲ್ಲಿ ಉಳಿಯಂತೆ ಮರವನ್ನು ಎಬ್ಬುವ ಎರಡು ಅಲಗುಗಳಿವೆ. ಬಿಟ್ಟನ್ನು ಸ್ಕ್ರೂ ಕೆಳಗಾಗಿ ಹಲಗೆಯ ಮೇಲೆ ಊರಿ, ಅಲಗಿನ ಮೇಲ್ಮುಖವನ್ನು, ಅಂದರೆ ಹಿಡಿಕೆಯ ಕಡೆಗಿರುವ ಇಳಿಜಾರನ್ನು, ಇರುವ ಕೋನದಲ್ಲೇ ಉಜ್ಜಿ. ಎರಡಕ್ಕೂ ಎಣಿಸಿ ನಾಲ್ಕು ನಾಲ್ಕು ಎಳೆತ. ಕೆಳಮುಖ ಉಜ್ಜಿದರೆ ಅಲಗಿನ ಹಿಂಬದಿಯೇ ಮರಕ್ಕೆ ಒರಗಿ ನಿಲ್ಲುತ್ತದೆ, ಬಾಯಿ ಕಚ್ಚುವುದಿಲ್ಲ.

ಇನ್ನು ಹೊರಅಂಚಿನ ಎರಡು ಕೊಂಬುಗಳು. ಅಲಗು ತಾಗುವ ಮೊದಲೇ ಮರದ ನಾರನ್ನು ವೃತ್ತಾಕಾರವಾಗಿ ಕೊಯ್ಯುವುದು ಇವುಗಳ ಕೆಲಸ. ಇವನ್ನು ಒಳಬದಿಯಿಂದಷ್ಟೇ ಉಜ್ಜಬೇಕು. ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ 10ನೇ ನಂಬರಿನ ಬಿಟ್ ಹಾಳು ಮಾಡಿಕೊಂಡು (ನಂಬರು 1/16 ಅಂಗುಲದ ಲೆಕ್ಕ, 10 ಎಂದರೆ 5/8 ಅಂಗುಲ). ಹೊರಬದಿ ಒರಟಾಗಿ ಕಂಡಿತೆಂದು ಅರದಿಂದ ಹೊಳಪು ಬರಿಸಿದೆ. ಕೊಂಬು ಕೊಯ್ಯುವ ವೃತ್ತ ಬಿಟ್‌ನ ಮೈಗಿಂತ ಕಿರಿದಾಯಿತು. ಎರಡು ಅಂಗುಲ ಇಳಿದು ಸಿಕ್ಕಿಕೊಂಡದ್ದನ್ನು ಬಿಡಿಸಲು ಕೊನೆಗೆ ಮರವನ್ನೇ ಸೀಳಬೇಕಾಯಿತು. ಹೊರಬದಿಯಲ್ಲಿ ಲೋಹದ ಸಣ್ಣ ಎಳೆ ಎದ್ದಿದ್ದರೆ ನುಣುಪು ಕಲ್ಲನ್ನು ಚಪ್ಪಟೆಯಾಗಿ ಒಮ್ಮೆ ಸವರಿ, ಅಷ್ಟೇ.

ಈಗ ಬೇಡದ ಮರದ ತುಂಡೊಂದರಲ್ಲಿ ಕೊರೆದು ನೋಡಿ. ಎರಡು ಅಲಗುಗಳಿಂದಲೂ ಒಂದೇ ದಪ್ಪದ ಸಿಪ್ಪೆ ಸುರುಳಿಯಾಗಿ ಏಳಬೇಕು. ಒಂದು ದಪ್ಪ, ಇನ್ನೊಂದು ತೆಳು ಬಂದರೆ ದಪ್ಪ ಸಿಪ್ಪೆಯ ಅಲಗಿಗೆ ಮತ್ತೆರಡು ಎಳೆತ ಕೊಡಿ. ಕೊಂಬುಗಳು ಅಲಗಿನ ಮಟ್ಟಕ್ಕೆ ಸವೆದುಹೋಗಿದ್ದರೆ ರಂಧ್ರದ ಬಾಯಿ ಕಿತ್ತು ಬರುವುದು ಖಂಡಿತ. ಅಂಥದ್ದನ್ನು ನಾನು ಎಸೆಯುವುದಿಲ್ಲ, ನಾರಿನ ಉದ್ದಕ್ಕೆ ಕೊರೆಯುವ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.