ನೋವಿನ ಮಾತ್ರೆ ತಿಂದ ದಿನ ಭಯ ಕಡಿಮೆ, ಮೇಡಂ

ಅಪಘಾತ, ಹಲ್ಲೆ, ಬೆಂಕಿ ಅನಾಹುತ ಕಂಡು ಬಂದವರು ಈಚೆಗೆ ಆಪ್ತಸಲಹೆಗಾರ್ತಿಯಾದ ನನ್ನನ್ನು ಒಂದು ಪ್ರಶ್ನೆ ಪದೇ ಪದೇ ಕೇಳುತ್ತಿದ್ದಾರೆ. "ಉರಿಯೂತ ಇಳಿಸೋ ಮಾತ್ರೆ ತಗೊಂಡ್ರೆ ಈ ಭಯಾನೂ ಹೋಗುತ್ತಂತೆ, ನಿಜಾನಾ?" ಯಾರೋ ಕಳಿಸಿದ ವಿಡಿಯೊ ನೋಡಿರುತ್ತಾರೆ. ಕೆಲವರು ಕೇಳುವ ಮೊದಲೇ ಮಾತ್ರೆ ಶುರು ಮಾಡಿರುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ವ್ಯಕ್ತಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ರಾಜಣ್ಣ ಅಂತ ಇಟ್ಟುಕೊಳ್ಳೋಣ. ನಲವತ್ತರ ಆಸುಪಾಸು. ತರಕಾರಿ ಸಾಗಿಸುವ ಗಾಡಿ ಓಡಿಸುತ್ತಿದ್ದರು. ಒಂದು ರಾತ್ರಿ ಘಾಟಿ ಇಳಿಯುವಾಗ ಎದುರಿನ ಲಾರಿಗೆ ಡಿಕ್ಕಿಯಾಯಿತು. ಪಕ್ಕದಲ್ಲಿ ಕೂತಿದ್ದ ಹುಡುಗ ಉಳಿಯಲಿಲ್ಲ. ರಾಜಣ್ಣನವರ ಬಲ ಮೊಣಕಾಲಿಗೆ ಆಪರೇಷನ್ ಆಯಿತು. ವರ್ಷ ಕಳೆದರೂ ಗಾಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ರಾತ್ರಿ ಕಿರುಚಿಕೊಂಡು ಏಳುವುದು, ಏರ್ ಹಾರ್ನ್ ಕೇಳಿದರೆ ಮೈಯೆಲ್ಲ ಬೆವರುವುದು. ಮನೋವೈದ್ಯರು ಪಿಟಿಎಸ್‌ಡಿ (ಆಘಾತದ ನಂತರ ಬಿಡದೆ ಕಾಡುವ ಮಾನಸಿಕ ಕಾಯಿಲೆ) ಎಂದು ಗುರುತಿಸಿ ಸರ್ಟ್ರಲಿನ್ ಎಂಬ ಮಾನಸಿಕ ಚಿಕಿತ್ಸೆಯ ಮಾತ್ರೆ ಕೊಟ್ಟಿದ್ದರು, ಜೊತೆಗೆ ಆಪ್ತಸಲಹೆ ಬೇಕು ಅಂತ ನನ್ನ ಬಳಿ ಕಳಿಸಿದ್ದರು.

ಮೊದಲ ಭೇಟಿಗಳಲ್ಲಿ ಅವರು ಮಾತಾಡಿದ್ದೇ ಕಡಿಮೆ. ಹೆಂಡತಿ ಹೇಳುತ್ತಿದ್ದರು, ಇವರು ನೆಲ ನೋಡುತ್ತಿದ್ದರು.

ಒಂದು ದಿನ ಒಬ್ಬರೇ ಬಂದರು. ಅಂಗಿ ಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ನೋವು, ಉರಿಯೂತ ಇಳಿಸುವ ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ. ಮೂರು ಉಳಿದಿತ್ತು. ಜೇಬಲ್ಲೇ ಇದ್ದು ಇದ್ದು ಪಟ್ಟಿಯ ಅಂಚು ಸುರುಟಿತ್ತು.

"ಮೇಡಂ, ಬೈಬೇಡಿ. ಮೊಣಕಾಲಿಗೆ ಅಂತ ಕೊಟ್ಟಿದ್ದು ಇದು, ಹತ್ತು ದಿನಕ್ಕೆ. ನಾನು ನಿಲ್ಲಿಸೇ ಇಲ್ಲ. ಇದನ್ನ ತಿಂದ ದಿನ ಭಯ ಕಡಿಮೆ ಇರುತ್ತೆ."

ಆಮೇಲೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಭಯ ಅನ್ನೋದು ಮೆದುಳಿನ ಊತ, ಊತ ಇಳಿಸಿದರೆ ಭಯ ಮಾಯ ಅಂತ ಅದರಲ್ಲಿದ್ದವರು ಹೇಳುತ್ತಿದ್ದರು. ಅದು ಮುಗಿಯುವ ಮೊದಲೇ ರಾಜಣ್ಣ ಕೇಳಿದರು: "ಹಾಗಾದ್ರೆ ನಂಗೆ ತಲೆ ಕೆಟ್ಟಿಲ್ಲ, ಊತ ಅಷ್ಟೇ. ಅಲ್ವಾ?"

ಅವರಿಗೆ ಔಷಧಿಗಿಂತ ಹೆಚ್ಚಾಗಿ ಬೇಕಿದ್ದದ್ದು ಈ ಮಾತು ಅನ್ನಿಸಿತು. ಮೊಣಕಾಲು ಊದಿದರೆ ಊರಲ್ಲಿ ಎಲ್ಲರೂ ಹಾಲು ಹಣ್ಣು ತಂದು ವಿಚಾರಿಸುತ್ತಾರೆ. ಹಾರ್ನ್ ಕೇಳಿ ನಡುಗಿದರೆ "ಗಂಡಸಾಗಿ ಹೀಗಾ?" ಅಂತಾರೆ. ಭಯವೂ ಮೈಯ ಕಾಯಿಲೆ ಅಂತಾದರೆ ಅವರು ತಲೆ ಎತ್ತಿ ಓಡಾಡಬಹುದಿತ್ತು.

ಹಾಗಾಗಿ "ಸುಳ್ಳು" ಅಂತ ನಾನು ಹೇಳಲಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ. ಪಿಟಿಎಸ್‌ಡಿ ಇರುವ ಎಷ್ಟೋ ಜನರ ರಕ್ತದಲ್ಲಿ ಸಿಆರ್‌ಪಿ, ಇಂಟರ್‌ಲ್ಯೂಕಿನ್-6ನಂಥ ಉರಿಯೂತದ ಗುರುತುಗಳು ಜಾಸ್ತಿ ಇರುತ್ತವೆ ಅಂತ ಅಧ್ಯಯನಗಳು ಹೇಳುತ್ತವೆ. ಅಮೆರಿಕದ 2,000ಕ್ಕೂ ಹೆಚ್ಚು ಮರೀನ್ ಸೈನಿಕರ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಯುದ್ಧಕ್ಕೆ ಹೋಗುವ ಮೊದಲೇ ಸಿಆರ್‌ಪಿ ಹೆಚ್ಚಿದ್ದವರಲ್ಲಿ ವಾಪಸ್ ಬಂದ ಮೇಲೆ ಪಿಟಿಎಸ್‌ಡಿ ಲಕ್ಷಣಗಳೂ ಹೆಚ್ಚು ಕಂಡವು. ಇಲಿಗಳಿಗೆ ಆಘಾತ ಕೊಟ್ಟು ಐಬುಪ್ರೊಫೆನ್ ಎಂಬ ನೋವಿನ ಔಷಧಿ ಹಾಕಿದಾಗ ಅವುಗಳ ಅಂಜಿಕೆ ಕಡಿಮೆಯಾದದ್ದನ್ನು ಕೊರಿಯಾದ ಸಂಶೋಧಕರು 2016ರಲ್ಲಿ ತೋರಿಸಿದರು. ಇದನ್ನೆಲ್ಲ ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ.

ಆದರೆ ಇಲಿಯಿಂದ ರಾಜಣ್ಣನವರ ಜೇಬಿಗೆ ಬಹಳ ದೂರ ಇದೆ. ಸರಿಯಾಗಿ ನಿದ್ದೆ ಇಲ್ಲದಿದ್ದರೂ, ಬೀಡಿ ಸೇದಿದರೂ, ಬೊಜ್ಜು ಬಂದರೂ ಸಿಆರ್‌ಪಿ ಏರುತ್ತದೆ. ಆಘಾತ ಅನುಭವಿಸಿದವರಲ್ಲಿ ಇವೆಲ್ಲ ಸಾಮಾನ್ಯ. ಯಾವುದರಿಂದ ಯಾವುದು ಅಂತ ಬಿಡಿಸುವುದು ಸುಲಭವಲ್ಲ. ಖಿನ್ನತೆಯಲ್ಲಿ ಇಂಥದ್ದೇ ಒಂದು ಪ್ರಯೋಗ ನಡೆದಿತ್ತು. ಬೇರೆ ಔಷಧಿಗೆ ಬಗ್ಗದ ಖಿನ್ನತೆ ಇದ್ದ 60 ಜನರಲ್ಲಿ ಕೆಲವರಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ತಡೆಯುವ ಔಷಧಿ, ಉಳಿದವರಿಗೆ ಸುಮ್ನೆ ಔಷಧಿಯಿಲ್ಲದ ಡ್ರಿಪ್ ಕೊಟ್ಟರು. 2013ರಲ್ಲಿ ಫಲಿತಾಂಶ ಬಂತು: ಒಟ್ಟಾರೆ ವ್ಯತ್ಯಾಸ ಇರಲಿಲ್ಲ. ಮೊದಲೇ ಸಿಆರ್‌ಪಿ ಹೆಚ್ಚಿದ್ದವರಲ್ಲಿ ಮಾತ್ರ ಉಪಯೋಗದ ಸುಳಿವು ಕಂಡಿತು. ಮುಂದೊಂದು ದಿನ ರಕ್ತ ಪರೀಕ್ಷೆ ನೋಡಿ ಕೆಲವರಿಗೆ ಇಂಥ ಚಿಕಿತ್ಸೆ ಕೊಡುವ ಕಾಲ ಬರಬಹುದು. ಬರಲಿ ಅಂತ ನಾನೂ ಬಯಸುತ್ತೇನೆ. ಇವತ್ತಿಗೆ ಪಿಟಿಎಸ್‌ಡಿಗೆ ನೋವಿನ ಮಾತ್ರೆ ಚಿಕಿತ್ಸೆ ಅಲ್ಲ.

"ಮತ್ತೆ ನಂಗೆ ಕಡಿಮೆ ಆಗೋದು ಯಾಕೆ?" ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ.

ಭಯ ಬರುವ ಮುಂಚೆ ಏನಾಗುತ್ತೆ ಅಂತ ಕೇಳಿದೆ. ತುಂಬ ಹೊತ್ತು ಯೋಚಿಸಿದರು. ಆಮೇಲೆ ಕೂತಲ್ಲೇ ಬಲಗಾಲು ಮುಂದೆ ಚಾಚಿ, ಪಾದವನ್ನು ನೆಲಕ್ಕೆ ಒತ್ತಿ ತೋರಿಸಿದರು. "ಹಿಂಗೆ ಒತ್ತಿದಾಗ ಮೊಣಕಾಲು ಚುಳ್ ಅನ್ನುತ್ತೆ. ಚುಳ್ ಅಂದ ತಕ್ಷಣ ಲಾರಿ ಲೈಟು ಕಣ್ಮುಂದೆ ಬರುತ್ತೆ."

ಅದು ಬ್ರೇಕ್ ಒತ್ತುವ ಕಾಲು. ಅವರ ಮೊಣಕಾಲಿನ ಪ್ರತಿ ನೋವೂ ಆ ರಾತ್ರಿಯನ್ನು ನೆನಪಿಸುತ್ತಿತ್ತು. ಮಾತ್ರೆ ನೋವು ಇಳಿಸುತ್ತಿತ್ತು, ನೋವು ಇಳಿದರೆ ನೆನಪು ಬರುವುದು ಕಡಿಮೆಯಾಗುತ್ತಿತ್ತು. ನೋವು ಭಯವನ್ನು ಎಬ್ಬಿಸುತ್ತದೆ, ಭಯದಿಂದ ಮೈ ಬಿಗಿದು ನೋವು ಹೆಚ್ಚುತ್ತದೆ. ಗಾಯದ ಜೊತೆ ಆಘಾತ ಆದವರಲ್ಲಿ ಈ ಸುತ್ತು ಮಾಮೂಲಿ. ರಾಜಣ್ಣನವರ ವಿಷಯದಲ್ಲಿ ನನಗೆ ಸರಿ ಕಂಡ ಉತ್ತರ ಇದು. ಅವರಿಗೂ ಹಿಡಿಸಿತು.

ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲನೆಯದು, ಅವತ್ತೇ ಹೋಗಿ ಡಾಕ್ಟರಿಗೆ ಈ ಪಟ್ಟಿ ತೋರಿಸಿ ಅಂದೆ. ಸರ್ಟ್ರಲಿನ್ ಜೊತೆ ಇಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ತಿಂಗಳುಗಟ್ಟಲೆ ತಿಂದರೆ ಕಿಡ್ನಿಗೂ ಬಿಪಿಗೂ ಪೆಟ್ಟು. ಎದೆ ಉರಿ ಅಂತ ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ನುಂಗುತ್ತಿದ್ದದ್ದು ಆಗ ಗೊತ್ತಾಯಿತು. ಮಲ ಕಪ್ಪಗೆ ಹೋಗುತ್ತಿದೆಯಾ (ಹೊಟ್ಟೆಯಲ್ಲಿ ರಕ್ತ ಸೋರುವ ಸುಳಿವು ಅದು) ಅಂತ ಕೇಳಿದೆ, ಇಲ್ಲ ಅಂದರು. ಮಾತ್ರೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಅವರು ಬಿಪಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ನೋಡಿ, ಆ ಮಾತ್ರೆ ಬಿಡಿಸಿ, ಮೊಣಕಾಲಿಗೆ ಫಿಸಿಯೊಥೆರಪಿ ಬರೆದರು.

ಎರಡನೆಯದು ಕಷ್ಟದ್ದು. ಆ ರಾತ್ರಿಯ ಕಥೆಯನ್ನು ಮೊದಲಿನಿಂದ ಕೊನೆವರೆಗೆ ನನ್ನೆದುರು ಹೇಳಬೇಕು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ತರಬೇತಿ ಪಡೆದವರ ಜೊತೆ ಮಾಡುವ ಚಿಕಿತ್ಸೆ ಇದು, ಸುಮ್ನೆ ನೆನಪು ಕೆದಕುವುದಲ್ಲ. ಅಮೆರಿಕದ ಸೇನೆ ಮತ್ತು ಮಾಜಿ ಸೈನಿಕರ ಇಲಾಖೆಗಳ 2023ರ ಮಾರ್ಗಸೂಚಿ ಕೂಡ ಪಿಟಿಎಸ್‌ಡಿಗೆ ಔಷಧಿಗಿಂತ ಮೊದಲು ಇಂಥ ಚಿಕಿತ್ಸೆ ಅನ್ನುತ್ತದೆ. ಹಲವು ಸಲ ಹೇಳಿದ ಮೇಲೆ ರಾಜಣ್ಣ ಒಂದು ಕಡೆ ತಡೆದು ನಿಂತರು. ತಾನು ಬ್ರೇಕೇ ಹಾಕಲಿಲ್ಲ, ಹುಡುಗ ಸತ್ತದ್ದು ಅದಕ್ಕೇ ಅಂತ ಅವರು ಒಳಗೊಳಗೇ ನಂಬಿದ್ದರು. "ಹಾಕಿದ್ದೆ ಮೇಡಂ. ಕಾಲು ಬ್ರೇಕ್ ಮೇಲೇ ಇತ್ತು. ಅದಕ್ಕೇ ಅಲ್ವಾ ಮೊಣಕಾಲು ಮುರಿದಿದ್ದು!" ಅಂದು ಬಹಳ ಹೊತ್ತು ಅತ್ತರು.

ಮಾತ್ರೆಯಿಂದ ಉಪಯೋಗವಿಲ್ಲ ಅಂತ ಮೊದಲ ದಿನವೇ ಖಡಾಖಂಡಿತ ಹೇಳಬೇಕಿತ್ತು ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ವಾದಿಸಿದರು. ನಾನು ಒಪ್ಪುವುದಿಲ್ಲ. ಅವರಿಗೆ ಆರಾಮ ಸಿಕ್ಕಿದ್ದು ನಿಜ. ಅದನ್ನು ಅಲ್ಲಗಳೆದಿದ್ದರೆ ಮುಂದಿನ ಸಲ ಆ ಪಟ್ಟಿ ಜೇಬಿನಿಂದ ಹೊರಗೇ ಬರುತ್ತಿರಲಿಲ್ಲ, ಬ್ರೇಕಿನ ಮಾತೂ ಬರುತ್ತಿರಲಿಲ್ಲ. ಮಾತಾಡಿಸುವುದೇ ನಿಮ್ಮ ಕಸುಬು, ಅದಕ್ಕೇ ಮಾತ್ರೆ ಬೇಡ ಅಂತೀರಿ ಅನ್ನುವವರೂ ಇದ್ದಾರೆ. ರಾಜಣ್ಣ ಸರ್ಟ್ರಲಿನ್ ಇವತ್ತಿಗೂ ತಗೊಳ್ಳುತ್ತಿದ್ದಾರೆ, ತಪ್ಪಿಸಬೇಡಿ ಅಂತ ನಾನೇ ಹೇಳುತ್ತೇನೆ. ಭಯ ಮೈಯಲ್ಲೂ ಇರುತ್ತದೆ ಅನ್ನುವುದನ್ನು ನಾನು ಪೂರ್ತಿ ನಂಬುತ್ತೇನೆ. ನನ್ನ ವಿರೋಧ ಇರುವುದು ವೈದ್ಯರಿಗೆ ಹೇಳದೆ ತಿಂಗಳುಗಟ್ಟಲೆ ನುಂಗುವ ಮಾತ್ರೆಗೆ.

ಈಗ ಅವರು ಹಗಲು ಹೊತ್ತು ಊರೊಳಗೆ ಗಾಡಿ ಓಡಿಸುತ್ತಾರೆ. ಘಾಟಿಗೆ ಇನ್ನೂ ಹೋಗಿಲ್ಲ, ನಾವು ಅವಸರವನ್ನೂ ಮಾಡುತ್ತಿಲ್ಲ.

ನಿಮ್ಮ ಮನೆಯಲ್ಲೂ ಆಘಾತದ ನಂತರ ನೋವಿನ ಮಾತ್ರೆ ಬಿಡದೆ ತಿನ್ನುವವರಿದ್ದರೆ ಬೈದು ಕಿತ್ತುಕೊಳ್ಳಬೇಡಿ. ತಿಂದಾಗ ಏನು ಕಡಿಮೆಯಾಗುತ್ತೆ ಅಂತ ಕೇಳಿ. ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೋವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.